52.77: ನೈರೋಬಿಯ ಒಂದು ನಾಲ್ಕನೇ ಸ್ಥಾನ

2021ರ ಆಗಸ್ಟ್ ಅಂದರೆ ಎಲ್ಲರಿಗೂ ನೆನಪಾಗೋದು ಟೋಕಿಯೊ, ನೀರಜ್ ಚೋಪ್ರಾ, ಜಾವೆಲಿನ್ ಚಿನ್ನ. ಆಗಸ್ಟ್ 7ರ ಆ ಸಂಜೆಯ ಗುಂಗು ಇಳಿಯೋ ಮೊದಲೇ, ಅದೇ ತಿಂಗಳ ಮೂರನೇ ವಾರದಲ್ಲಿ ಕೀನ್ಯಾದ ನೈರೋಬಿಯಲ್ಲಿ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ನಾವೆಲ್ಲ ಹಳೇ ರೂಢಿಯಲ್ಲಿ ‘ವರ್ಲ್ಡ್ ಜೂನಿಯರ್ಸ್’ ಅಂತೀವಲ್ಲ, ಅದೇ. 2020ರಲ್ಲಿ ಆಗಬೇಕಾಗಿದ್ದದ್ದು ಕೋವಿಡ್ ಕಾಟದಿಂದ ಒಂದು ವರ್ಷ ಮುಂದಕ್ಕೆ ಹೋಗಿತ್ತು.

ಅಲ್ಲಿ ಹುಡುಗಿಯರ 400 ಮೀಟರ್ ಓಟದ ಫೈನಲ್ ಫಲಿತಾಂಶ ಹೀಗಿದೆ. ಮೊದಲು ನೈಜೀರಿಯಾದ ಇಮಾಬಾಂಗ್ ನ್ಸೆ ಉಕೊ, 51.55 ಸೆಕೆಂಡ್. ಎರಡನೆಯದು ಪೋಲೆಂಡಿನ ಕೊರ್ನೇಲಿಯಾ ಲೆಸಿಯೇವಿಚ್, 51.97. ಮೂರನೆಯದು ಆತಿಥೇಯ ಕೀನ್ಯಾದ ಸಿಲ್ವಿಯಾ ಚೆಲಂಗಾಟ್, 52.23. ನಾಲ್ಕನೆಯದು ನಮ್ಮ ಕರ್ನಾಟಕದ ಪ್ರಿಯಾ ಮೋಹನ್, 52.77.

ಪದಕ ಬಂದಿದ್ದರೆ ಈ ಹೊತ್ತಿಗೆ ಯಾವುದಾದರೂ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಆ ಸಾಲು ಸೇರಿರುತ್ತಿತ್ತು, ಕೆ.ಎ.ಎಸ್. ಓದೋ ಹುಡುಗರು ಬಾಯಿಪಾಠ ಮಾಡುತ್ತಿದ್ದರು. ಬರಲಿಲ್ಲ. ಹಾಗಾಗಿ ಏಜೆನ್ಸಿ ಸುದ್ದಿಯ ಕೊನೆಯಲ್ಲಿ ಒಂದೆರಡು ವಾಕ್ಯವಾಗಿ ಉಳಿಯಿತು. ಈ ಬರಹ ಆ ಒಂದೆರಡು ವಾಕ್ಯದ ಬಗ್ಗೆ.

ಪ್ರಿಯಾಳನ್ನು ನಮ್ಮ ಜಿಲ್ಲೆಯವಳು ಅಂತ ಹೇಳಿಕೊಳ್ಳೋ ಹಕ್ಕು ನನಗಿಲ್ಲ. ಆದರೆ ನಾಲ್ಕನೇ ಸ್ಥಾನ ಅಂದರೆ ಏನು ಅನ್ನೋದನ್ನ ನಾನು ನೋಡಿದ್ದು ನಮ್ಮ ಹೊನ್ನಾಳಿ, ಚನ್ನಗಿರಿ ಕಡೆಯ ಕ್ರೀಡಾಕೂಟಗಳಲ್ಲೇ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಈ ಏಣಿ ಗೊತ್ತು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಪ್ರತಿ ಮೆಟ್ಟಿಲಲ್ಲೂ ಮುಂದಕ್ಕೆ ಹೋಗೋರು ಮೊದಲ ಒಂದಿಬ್ಬರು. ಮೂರನೆಯವಳಿಗೆ ಒಂದು ಸರ್ಟಿಫಿಕೇಟ್ ಸಿಗುತ್ತೆ. ನಾಲ್ಕನೆಯವಳಿಗೆ ಏನೂ ಇಲ್ಲ, ಅವಳ ಸಮಯವನ್ನೂ ಯಾರೂ ಬರೆದುಕೊಳ್ಳಲ್ಲ. ಬರೆದುಕೊಳ್ಳೋದು ಹೇಗೆ, ಇಡೀ ಮೈದಾನಕ್ಕೆ ಇರೋದು ಒಂದೋ ಎರಡೋ ಸ್ಟಾಪ್‌ವಾಚು! ಅದೂ ಮೊದಲು ಬಂದವಳ ಎದೆ ದಾರಕ್ಕೆ ತಾಗಿದ ಕೂಡಲೇ ನಿಂತಿರುತ್ತೆ.

ಆ ಮೈದಾನಗಳನ್ನ ನೋಡಿರೋರಿಗೆ ಇನ್ನೊಂದು ವಿಷಯ ಗೊತ್ತಿರುತ್ತೆ. ಪೂರ್ತಿ 400 ಮೀಟರಿನ ಟ್ರ್ಯಾಕಿಗೆ ಜಾಗ ಎಲ್ಲಿಂದ ಬರಬೇಕು? ಪಿ.ಟಿ. ಮೇಷ್ಟ್ರು ಹಗ್ಗ ಹಿಡಿದು, ಗೂಟ ನೆಟ್ಟು, ಸುಣ್ಣದ ಪುಡಿ ಸುರಿದು 200 ಮೀಟರಿನ ಸುತ್ತು ಬರೆಯುತ್ತಾರೆ. ಅದರಲ್ಲಿ ಎರಡು ಸುತ್ತು ಓಡಿದರೆ ನಾನೂರು. ತಿರುವುಗಳು ಎಷ್ಟು ಚಿಕ್ಕವು ಅಂದರೆ ಜೋರಾಗಿ ಬಂದ ಹುಡುಗಿ ಗೆರೆ ದಾಟಿ ಆಚೆ ಹೋಗಿಬಿಡ್ತಾಳೆ. ಜಗಳೂರು ಕಡೆಯ ಕೆಂಪು ಗರಸಿನ ನೆಲದಲ್ಲಿ ಬರಿಗಾಲಲ್ಲಿ ಓಡಿದವರನ್ನ ಕೇಳಿ ಬೇಕಾದರೆ.

ಇನ್ನೊಂದು ಮಾತು. ತಾಲ್ಲೂಕು ಗಡಿ, ಜಿಲ್ಲಾ ಗಡಿ ಅಂದರೆ ನಾವು ಕಂದಾಯ, ಕಚೇರಿ, ಚುನಾವಣೆ ಅಂತ ಯೋಚನೆ ಮಾಡ್ತೀವಿ. ಓಡೋ ಹುಡುಗಿಗೆ ಅದು ಯಾರ ಜೊತೆ ಓಡಬೇಕು ಅನ್ನೋ ಲೆಕ್ಕ. 1997ರ ಆಗಸ್ಟ್ 15ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅಲ್ಲಿನ ಹುಡುಗಿಯರು ಜಿಲ್ಲಾ ಕೂಟಕ್ಕೆ ಶಿವಮೊಗ್ಗಕ್ಕೆ ಹೋಗಿ ಭದ್ರಾವತಿ, ಸಾಗರ, ತೀರ್ಥಹಳ್ಳಿಯವರ ಎದುರು ಓಡಬೇಕಿತ್ತು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆ, ಅವರಿಗೆ ಚಳ್ಳಕೆರೆ, ಹಿರಿಯೂರಿನವರು ಎದುರಾಳಿಗಳು. ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಆಯಿತು. ಈ ಎಲ್ಲಾ ಊರಿನ ಹುಡುಗಿಯರು ಒಂದೇ ಗೆರೆಯಲ್ಲಿ ನಿಲ್ಲೋಕೆ ಶುರುವಾಗಿದ್ದು ಆಮೇಲೆ. ನ್ಯಾಮತಿಯಂತೂ ಮೊನ್ನೆ ಮೊನ್ನೆವರೆಗೆ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. 2018ರ ಹೊತ್ತಿಗೆ ಬೇರೆ ತಾಲ್ಲೂಕಾಯಿತು. ಅಂದರೆ ಹೊನ್ನಾಳಿಯಲ್ಲಿ ಮೂರನೆಯವಳೋ ನಾಲ್ಕನೆಯವಳೋ ಆಗಿ ಬಸ್ಸು ಹತ್ತಿ ವಾಪಸ್ ಹೋಗಬೇಕಿದ್ದ ನ್ಯಾಮತಿಯ ಹುಡುಗಿ ಈಗ ತನ್ನ ತಾಲ್ಲೂಕಿಗೆ ಮೊದಲನೆಯವಳಾಗಿ ದಾವಣಗೆರೆಗೆ ಹೋಗಬಹುದು. ಓಟ ಅದೇ, ಕಾಲೂ ಅದೇ, ಗಡಿ ಮಾತ್ರ ಬದಲಾಯಿತು. ಸ್ಥಾನ ಅನ್ನೋದು ಎಷ್ಟೋ ಸಲ ಪಕ್ಕದಲ್ಲಿ ಯಾರಿದ್ದರು ಅನ್ನೋದರ ಮೇಲೆ ನಿಂತಿರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ನೈರೋಬಿಗೆ ಹೋದಾಗ ಬೇಕಾಗುತ್ತೆ.

ಅದಕ್ಕೂ ಮೊದಲು ಹೆಂಗಸರ 400 ಮೀಟರಿನ ಕಥೆ ಸ್ವಲ್ಪ ಹೇಳಬೇಕು, ಯಾಕಂದರೆ ಈ ಓಟ ಅಂದುಕೊಂಡಷ್ಟು ಹಳೆಯದಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಇಟ್ಟಿದ್ದರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಓಟ ಮುಗಿಸಿದ ಕೆಲವರು ಸುಸ್ತಾಗಿ ಹುಲ್ಲಿನ ಮೇಲೆ ಕೂತಿದ್ದನ್ನೇ ಪತ್ರಿಕೆಗಳು ‘ಕುಸಿದು ಬಿದ್ದರು, ನರಳಿದರು’ ಅಂತ ಹಿಗ್ಗಿಸಿ ಬರೆದವು. ಗಂಡಸರು ಓಟ ಮುಗಿಸಿ ಕುಸಿದರೆ ಅದು ಪರಾಕ್ರಮ, ಹೆಂಗಸರು ಕೂತರೆ ಅದು ಅಪಾಯ! ಆಮೇಲೆ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. 400 ಮೀಟರ್ ಬಂದಿದ್ದು 1964ರ ಟೋಕಿಯೊದಲ್ಲಿ. ಆಸ್ಟ್ರೇಲಿಯಾದ ಬೆಟ್ಟಿ ಕತ್‌ಬರ್ಟ್ 52.0 ಸೆಕೆಂಡಿನಲ್ಲಿ ಗೆದ್ದರು. ಮೂರನೇ ಸ್ಥಾನಕ್ಕೆ ಬಂದವರ ಸಮಯ 53.4. ಆಗ ಇದ್ದದ್ದು ಕಲ್ಲಿದ್ದಲ ಬೂದಿಯ ಟ್ರ್ಯಾಕು, ಈಗಿನದು ಸಿಂಥೆಟಿಕ್, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಆದರೂ ಬರೀ ಗಡಿಯಾರ ನೋಡಿದರೆ 52.77ಕ್ಕೆ ಆ ವರ್ಷ ಒಲಿಂಪಿಕ್ ಕಂಚು ಇತ್ತು.

ನಮ್ಮ ದೇಶದ್ದು ನೋಡೋಣ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಮಲ್‌ಜಿತ್ ಸಂಧು 400 ಮೀಟರ್ ಗೆದ್ದಾಗ ಅವರ ಸಮಯ 57.3. ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಆಮೇಲೆ ಪಿ.ಟಿ. ಉಷಾ ಯುಗ, ಅದನ್ನ ಇಲ್ಲಿ ಬರೆಯೋಕೆ ಹೋದರೆ ಮುಗಿಯಲ್ಲ.

ಕರ್ನಾಟಕದ ಹೆಣ್ಣುಮಕ್ಕಳದ್ದು ಮಾತ್ರ ಒಂದು ವಿಚಿತ್ರ ಇದೆ. ಈ ದೂರದಲ್ಲಿ ಅವರ ಹೆಸರು ಹೆಚ್ಚಾಗಿ ಬರೋದು ರಿಲೇ ಜೊತೆಗೆ. ವಂದನಾ ರಾವ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ 4x400 ತಂಡದಲ್ಲಿದ್ದರು, 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಆ ತಂಡ ಅಂದರೆ ಜನಕ್ಕೆ ನೆನಪಿರೋದು ಉಷಾ, ಶೈನಿ. ವಂದನಾ ಹೆಸರು ಹೇಳಿ ನೋಡಿ, ಹತ್ತರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು. ಅಶ್ವಿನಿ ಅಕ್ಕುಂಜೆ 2010ರಲ್ಲಿ ಗುವಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ತಂದರು, ಮರುವರ್ಷ ಮದ್ದಿನ ಪ್ರಕರಣದಲ್ಲಿ ಸಿಕ್ಕಿಕೊಂಡರು. ಎಂ.ಆರ್. ಪೂವಮ್ಮ 2014ರ ಇಂಚಿಯಾನ್‌ನಲ್ಲಿ ಒಂಟಿ ಓಟದಲ್ಲಿ ಕಂಚು ಗೆದ್ದದ್ದು ನಿಜ, ಆದರೆ ಅವರ ಚಿನ್ನಗಳು ರಿಲೇಯವು. ನಾಲ್ಕು ಜನರ ನಡುವೆ ಒಬ್ಬಳಾಗಿ ಇರೋದು ನಮ್ಮವರಿಗೆ ರೂಢಿಯಾಗಿಬಿಟ್ಟಿದೆಯೇನೋ.

ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 1986ರಲ್ಲಿ, ಅಥೆನ್ಸ್‌ನಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯೋದು. ಭಾರತದವರು ಅಲ್ಲಿ ಪದಕ ಗೆದ್ದದ್ದು ಬಹಳ ವರ್ಷ ಎಸೆಯೋ ಆಟಗಳಲ್ಲಿ ಮಾತ್ರ. 2002ರಲ್ಲಿ ಸೀಮಾ ಅಂತಿಲ್, 2014ರಲ್ಲಿ ನವಜೀತ್ ಕೌರ್ ಡಿಸ್ಕಸ್‌ನಲ್ಲಿ ಕಂಚು, 2016ರಲ್ಲಿ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ. ಟ್ರ್ಯಾಕ್ ಮೇಲೆ ಓಡಿ ಗೆದ್ದವರು ಯಾರೂ ಇರಲಿಲ್ಲ. 2018ರ ಜುಲೈ 12ರಂದು ಫಿನ್ಲೆಂಡಿನ ತಂಪೆರೆಯಲ್ಲಿ ಅಸ್ಸಾಮಿನ ಢಿಂಗ್ ಊರಿನ ರೈತನ ಮಗಳು ಹಿಮಾ ದಾಸ್ ಇದೇ 400 ಮೀಟರನ್ನು 51.46ರಲ್ಲಿ ಓಡಿ ಚಿನ್ನ ಗೆದ್ದಳು. ಕೊನೆಯ ತಿರುವಿನಲ್ಲಿ ಹಿಂದಿದ್ದವಳು ಕೊನೆಯ ನೇರ ದಾರಿಯಲ್ಲಿ ಎಲ್ಲರನ್ನೂ ದಾಟಿದ ಆ ವಿಡಿಯೋ ನೀವೂ ನೋಡಿರ್ತೀರಿ. ಅದಾದ ಮೇಲಿನ ಕೂಟವೇ ನೈರೋಬಿ. ಪ್ರಿಯಾ ಎಂಥಾ ಹೊರೆ ಹೊತ್ತುಕೊಂಡು ಆ ಲೇನಿನಲ್ಲಿ ನಿಂತಿದ್ದಳು ಅನ್ನೋದು ಇದರಿಂದ ಗೊತ್ತಾಗುತ್ತೆ.

ಇನ್ನು ಆಗಸ್ಟ್ 18. ಕೂಟದ ಮೊದಲ ದಿನ. ಗಂಡು ಹೆಣ್ಣು ಇಬ್ಬರೂ ಸೇರಿ ಓಡೋ ಮಿಶ್ರ 4x400 ರಿಲೇ ಜೂನಿಯರ್ ವಿಶ್ವ ಕೂಟದಲ್ಲಿ ಅದೇ ಮೊದಲ ಸಲ. ಬೆಳಿಗ್ಗೆ ಹೀಟ್ಸ್‌ನಲ್ಲಿ ಅಬ್ದುಲ್ ರಜಾಕ್, ಪ್ರಿಯಾ, ಸಮ್ಮಿ, ಕಪಿಲ್ ಸೇರಿ 3 ನಿಮಿಷ 23.36 ಸೆಕೆಂಡಿನಲ್ಲಿ ಓಡಿದರು. ಅದು ಕೂಟ ದಾಖಲೆ! ಮೊದಲ ಸಲ ನಡೆಯೋ ಓಟ ಆದ್ದರಿಂದ ಮೊದಲ ಹೀಟ್ ಗೆದ್ದವರದ್ದೆಲ್ಲ ದಾಖಲೆಯೇ ಬಿಡಿ. ಸ್ವಲ್ಪ ಹೊತ್ತಿಗೆ ನೈಜೀರಿಯಾದವರು 3 ನಿಮಿಷ 21.66ರಲ್ಲಿ ಓಡಿ ಅದನ್ನ ಅಳಿಸಿಹಾಕಿದರು. ಅದೇ ದಿನ ಪ್ರಿಯಾಗೆ ಒಂಟಿ 400 ಮೀಟರಿನ ಹೀಟ್ಸ್ ಬೇರೆ ಇತ್ತು. ಅದನ್ನೂ ಓಡಿ ಮುಂದಿನ ಸುತ್ತಿಗೆ ಹೋದಳು. ಸಂಜೆ ರಿಲೇ ಫೈನಲ್. ಅಬ್ದುಲ್ ಬದಲು ತಮಿಳುನಾಡಿನ ಭರತ್ ಶ್ರೀಧರ್ ಬಂದ. ಭರತ್, ಪ್ರಿಯಾ, ಸಮ್ಮಿ, ಕಪಿಲ್ ಆ ಕ್ರಮದಲ್ಲಿ ಓಡಿ 3 ನಿಮಿಷ 20.60ರಲ್ಲಿ ಕಂಚು ಗೆದ್ದರು. ನೈಜೀರಿಯಾ 3:19.70, ಪೋಲೆಂಡ್ 3:19.80.

ಒಂದೇ ದಿನ ಮೂರು ಸಲ ನಾನೂರು ಮೀಟರ್. ಇದು ಎಂಥದ್ದು ಅಂತ ಓಡದವರಿಗೆ ಹೇಳೋದು ಕಷ್ಟ. 100 ಮೀಟರ್ ಆದರೆ ಉಸಿರು ಬಿಗಿಹಿಡಿದು ಮುಗಿಸಿಬಿಡಬಹುದು. 1500 ಆದರೆ ಲೆಕ್ಕ ಹಾಕಿಕೊಂಡು ಓಡಬಹುದು. 400 ಎರಡೂ ಅಲ್ಲ. ಪೂರ್ತಿ ಜೋರಾಗಿ ಓಡೋಕೆ ಬಹಳ ಉದ್ದ, ನಿಧಾನ ಮಾಡೋಕೆ ಬಹಳ ಗಿಡ್ಡ. ಮುನ್ನೂರು ಮೀಟರ್ ದಾಟೋ ಹೊತ್ತಿಗೆ ಸ್ನಾಯುಗಳಲ್ಲಿ ಆಮ್ಲ ತುಂಬಿಕೊಂಡು ತೊಡೆ ಕಲ್ಲಾಗುತ್ತೆ, ಕೈ ಮೇಲೇಳಲ್ಲ. ನಮ್ಮ ಕಡೆ ‘ಹೊನ್ನಾಳಿ ಹೊಡ್ತ’ ಅಂತಾರಲ್ಲ, ಕೊನೆಯ ನೂರು ಮೀಟರ್ ಅಂದರೆ ಅದೇ, ಎಲ್ಲಿಂದ ಬಿತ್ತು ಅಂತ ಗೊತ್ತಾಗಲ್ಲ. ಆ ಹೊಡ್ತ ತಿಂದು ಸುಧಾರಿಸಿಕೊಳ್ಳೋಕೆ ಗಂಟೆಗಳು ಸಾಲಲ್ಲ. ಅದನ್ನ ದಿನಕ್ಕೆ ಮೂರು ಸಲ ತಿನ್ನೋದು!

ಹಾಗಾದರೆ ಪದಕ ತಪ್ಪಿದ್ದು ಈ ದಣಿವಿನಿಂದಲೇ ಅಂತ ಹೇಳಿ ಮುಗಿಸಿಬಿಡಬಹುದಲ್ಲ ಅಂತ ನೀವು ಕೇಳಬಹುದು. ಕೆಲವರು ಹೇಳಿದರು ಕೂಡಾ. ನಾನು ಒಪ್ಪಲ್ಲ. ಯಾಕಂದರೆ ಫೈನಲ್ ಗೆದ್ದ ಉಕೊ ಕೂಡ ರಿಲೇ ಓಡಿ ಚಿನ್ನ ಗೆದ್ದವಳೇ. ಕೊನೆಯ ದಿನ ಹುಡುಗಿಯರ 4x400 ರಿಲೇಯನ್ನೂ ಗೆದ್ದು ಮೂರು ಚಿನ್ನದೊಂದಿಗೆ ಮನೆಗೆ ಹೋದಳು. ಅವಳಿಗೆ ಇದ್ದ ದಣಿವೇ ಪ್ರಿಯಾಗೂ ಇತ್ತು. ಅಲ್ಲದೆ ಫೈನಲ್ಲಿನ 52.77 ಪ್ರಿಯಾಳ ಅಲ್ಲಿಯವರೆಗಿನ ಅತ್ಯುತ್ತಮ ಸಮಯ. ದಣಿದವಳು ತನ್ನ ಜೀವನದಲ್ಲೇ ಜೋರಾಗಿ ಓಡಿದಳು ಅಂದರೆ ಆ ಓಟಕ್ಕೆ ನೆಪ ಹುಡುಕೋದು ಅವಳಿಗೇ ಮಾಡೋ ಅವಮಾನ. ಇನ್ನೂ ಮೂವರು ಅವಳಿಗಿಂತ ಜೋರಾಗಿದ್ದರು, ಅಷ್ಟೇ. ಮೂರನೆಯವಳಿಗೂ ಇವಳಿಗೂ ನಡುವೆ 0.54 ಸೆಕೆಂಡ್. ಆ ವೇಗದಲ್ಲಿ ಅದು ನಾಲ್ಕು ಮೀಟರ್ ಚಿಲ್ಲರೆ ಅಂತರ, ಕೂದಲೆಳೆ ಏನಲ್ಲ.

ಈಗ ನಾನು ಆಗಲೇ ನೆನಪಿಟ್ಟುಕೊಳ್ಳಿ ಅಂದ ಮಾತಿಗೆ ಬರ್ತೀನಿ. ಪಕ್ಕದಲ್ಲಿ ಯಾರಿದ್ದರು, ಯಾರಿರಲಿಲ್ಲ?

ಕೋವಿಡ್ ಕಾರಣಕ್ಕೆ ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ದೇಶಗಳು ನೈರೋಬಿಗೆ ತಂಡ ಕಳಿಸಲಿಲ್ಲ. ಅದಕ್ಕಿಂತ ದೊಡ್ಡದು ನಮೀಬಿಯಾದ ಇಬ್ಬರು ಹುಡುಗಿಯರ ವಿಷಯ. ಕ್ರಿಸ್ಟೀನ್ ಎಂಬೋಮಾ, ಬಿಯಾಟ್ರಿಸ್ ಮಸಿಲಿಂಗಿ. ಇವರಲ್ಲಿ ಎಂಬೋಮಾ 2021ರ ಜೂನ್ ಕೊನೆಯಲ್ಲಿ ಪೋಲೆಂಡಿನಲ್ಲಿ 400 ಮೀಟರನ್ನು 48.54ರಲ್ಲಿ ಓಡಿದ್ದಳು, ಆಗ ಅವಳಿಗೆ 18 ವರ್ಷ. ಉಕೊ ಗೆದ್ದ ಸಮಯಕ್ಕಿಂತ ಮೂರು ಸೆಕೆಂಡ್ ಕಡಿಮೆ! ಆದರೆ ಕೆಲವೇ ದಿನಗಳಲ್ಲಿ ಪರೀಕ್ಷೆ ನಡೆದು, ಇಬ್ಬರ ದೇಹದಲ್ಲೂ ಹುಟ್ಟಿನಿಂದಲೇ ಟೆಸ್ಟೋಸ್ಟಿರಾನ್ ಮಟ್ಟ ಹೆಚ್ಚಿದೆ ಅಂತ 400 ಮೀಟರಿಂದ ದೂರ ಇಟ್ಟರು. 2018ರಲ್ಲಿ ಮಾಡಿದ ಆ ನಿಯಮ ಆಗ 400 ಮೀಟರಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ ಇತ್ತು. ಹಾಗಾಗಿ ಇಬ್ಬರೂ 200 ಮೀಟರಿಗೆ ಇಳಿದರು. ಎಂಬೋಮಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದು, ಅಲ್ಲಿಂದ ನೈರೋಬಿಗೆ ಬಂದು 21.84ರಲ್ಲಿ ಚಿನ್ನ ಗೆದ್ದಳು. ಮಸಿಲಿಂಗಿ ಬೆಳ್ಳಿ. 2023ರಲ್ಲಿ ನಿಯಮವನ್ನು ಎಲ್ಲಾ ಓಟಗಳಿಗೂ ಹಬ್ಬಿಸಿದರು, 200 ಮೀಟರಿನ ಬಾಗಿಲೂ ಮುಚ್ಚಿತು.

ಆ ಇಬ್ಬರೂ 400ರಲ್ಲೇ ಇದ್ದಿದ್ದರೆ ನಾಲ್ಕನೆಯವಳು ಆರನೆಯವಳಾಗುತ್ತಿದ್ದಳೇನೋ. ನಿಯಮ ಸರಿಯೋ ತಪ್ಪೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ನನಗೆ ಕಾಣೋದು ಇಷ್ಟು: ತಮ್ಮ ಇಷ್ಟದ ಓಟದಲ್ಲಿ ಓಡೋ ಅವಕಾಶವೇ ಸಿಗದ ಆ ಇಬ್ಬರು ಹುಡುಗಿಯರಿಗಿಂತ ನಾಲ್ಕನೆಯವಳು ಭಾಗ್ಯವಂತೆ. ಈ ನೋವು ನಮಗೆ ಹೊಸದಲ್ಲ. 2014ರಲ್ಲಿ ಒಡಿಶಾದ ದ್ಯುತಿ ಚಾಂದ್‌ರನ್ನು ಇದೇ ಥರದ ಪರೀಕ್ಷೆ ನೆಪದಲ್ಲಿ ಕಾಮನ್‌ವೆಲ್ತ್ ಗೇಮ್ಸ್ ತಂಡದಿಂದ ಕೈಬಿಟ್ಟಿದ್ದರು. ಅವರು ಸುಮ್ಮನಿರದೆ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆಗಿನ ನಿಯಮವನ್ನೇ ತಡೆಹಿಡಿಸಿ ಮತ್ತೆ ಓಡಿದರು.

ಅಂದ ಹಾಗೆ ಪ್ರಿಯಾ ಮತ್ತು ದ್ಯುತಿ ಎದುರಾದದ್ದೂ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟ ನಡೆದಾಗ 200 ಮೀಟರಿನಲ್ಲಿ ಪ್ರಿಯಾ ದ್ಯುತಿಯವರನ್ನು ಹಿಂದೆ ಹಾಕಿ ಚಿನ್ನ ಗೆದ್ದಳು. ಎರಡು ಒಲಿಂಪಿಕ್ಸ್ ಓಡಿದವರನ್ನು 19ರ ಹುಡುಗಿ, ಅದೂ ತನ್ನ ಮುಖ್ಯ ಓಟವಲ್ಲದ ದೂರದಲ್ಲಿ. ನೈರೋಬಿಯ ನಾಲ್ಕನೆಯವಳು ಅಲ್ಲಿಗೇ ನಿಂತಿರಲಿಲ್ಲ ಅನ್ನೋದಕ್ಕೆ ಇಷ್ಟು ಸಾಕು.

ನಮ್ಮ ದೇಶದಲ್ಲಿ ನಾಲ್ಕನೇ ಸ್ಥಾನದ ಕಥೆ ಹೇಳೋದಕ್ಕೆ ಒಂದೇ ರಾಗ ಇದೆ, ಅದು ಅಳೋ ರಾಗ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾ. ಉಷಾ ಅವರದ್ದು 55.42, ಮೂರನೆಯವರದ್ದು 55.41. ನೂರರಲ್ಲಿ ಒಂದು ಸೆಕೆಂಡ್. ಅದಕ್ಕೆ ಅತ್ತರೆ ಅರ್ಥ ಇದೆ. ಆದರೆ ಎಲ್ಲಾ ನಾಲ್ಕನೇ ಸ್ಥಾನಕ್ಕೂ ಅದೇ ರಾಗ ಹಾಡಬೇಕಿಲ್ಲ. ನೈರೋಬಿಯಲ್ಲಿ ಪ್ರಿಯಾ ಇದ್ದ ಹುಡುಗಿಯರ 4x400 ರಿಲೇ ತಂಡಕ್ಕೂ ನಾಲ್ಕನೇ ಸ್ಥಾನವೇ ಬಂತು. ಒಂದು ಕಂಚು, ಎರಡು ನಾಲ್ಕನೆಯದು. ಮೂರರಲ್ಲಿ ಯಾವುದು ದೊಡ್ಡದು ಅಂತ ನನ್ನ ಕೇಳಿದರೆ ಒಂಟಿ ಓಟದ ನಾಲ್ಕನೆಯದು ಅಂತೀನಿ. ಕಂಚಿನಲ್ಲಿ ಅವಳ ಪಾಲು ನಾಲ್ಕರಲ್ಲಿ ಒಂದು. 52.77 ಪೂರ್ತಿ ಅವಳದ್ದು. ಬ್ಯಾಟನ್ ಕೊಡೋರಿಲ್ಲ, ತಗೊಳ್ಳೋರಿಲ್ಲ. ಪೇಪರಿನವರು ಮಾತ್ರ ಕಂಚಿಗೆ ತಲೆಬರಹ ಕೊಟ್ಟು ಇದನ್ನ ಕೊನೆಯ ಪ್ಯಾರಾದಲ್ಲಿ ತುರುಕಿದರು.

ಮುಂದಿನ ವರ್ಷ, 2022ರ ಆಗಸ್ಟ್, ಕೊಲಂಬಿಯಾದ ಕಾಲಿ. 2003ರಲ್ಲಿ ಹುಟ್ಟಿದವರಿಗೆ ಜೂನಿಯರ್ ವಯಸ್ಸಿನ ಕೊನೆಯ ಅವಕಾಶ, ಪ್ರಿಯಾಗೂ ಅಷ್ಟೇ. ಈ ಸಲ ಅಮೆರಿಕವೂ ಬಂದಿತ್ತು. ಮಿಶ್ರ ರಿಲೇಯಲ್ಲಿ ಭರತ್ ಶ್ರೀಧರ್, ಪ್ರಿಯಾ, ಕಪಿಲ್, ಮೀರತ್ ಕಡೆಯ ರೈತನ ಮಗಳು ರೂಪಲ್ ಚೌಧರಿ. ಸಮಯ 3 ನಿಮಿಷ 17.76, ಏಷ್ಯಾದ ಜೂನಿಯರ್ ದಾಖಲೆ. ಗೆದ್ದ ಅಮೆರಿಕದ್ದು 3:17.69. ಬೆಳ್ಳಿಗೂ ಚಿನ್ನಕ್ಕೂ ನಡುವೆ ನೂರರಲ್ಲಿ ಏಳು ಸೆಕೆಂಡ್. ನೈರೋಬಿಯಲ್ಲಿ ಚಿನ್ನ ಗೆದ್ದ ನೈಜೀರಿಯಾದ ಸಮಯಕ್ಕಿಂತ ಸುಮಾರು ಎರಡು ಸೆಕೆಂಡ್ ಬೇಗ. ಆಮೇಲೆ ರೂಪಲ್ ಒಂಟಿ 400 ಮೀಟರಿನಲ್ಲಿ 51.85 ಓಡಿ ಕಂಚು ಗೆದ್ದಳು. ಒಂದೇ ಜೂನಿಯರ್ ವಿಶ್ವ ಕೂಟದಲ್ಲಿ ಎರಡು ಪದಕ ಗೆದ್ದ ಮೊದಲ ಭಾರತೀಯಳು ಅವಳು.

ಆ ಓಟದ ನಾಲ್ಕನೆಯವಳು ಯಾರು ಅಂತ ನಾನು ಹುಡುಕಿಲ್ಲ. ಅವಳ ಊರಿನಲ್ಲಿ ಯಾರಾದರೂ ಹುಡುಕಿ ಬರೆದಿರ್ತಾರೆ.